ಇಲಿಯ ಹಿಕ್ಕೆಯಿಂದ ಕರುಳಿನ ಪ್ರತಿಕಾಯ ಅಳೆಯುವುದು: ಜಿಯಾರ್ಡಿಯಾ ಪ್ರಯೋಗಕ್ಕೆ ಕೈಪಿಡಿ

"ಸೀರಮ್ ತೆಗೆದು ಎಲೈಸಾ ಹಾಕಿಬಿಡೋಣ ಮೇಡಂ, ಹಿಕ್ಕೆ ಯಾರು ಹೆಕ್ತಾ ಕೂರ್ತಾರೆ?" ಪ್ರಾಜೆಕ್ಟಿಗೆ ಬರುವ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಪ್ರತಿ ವರ್ಷ ಈ ಮಾತು ಹೇಳುತ್ತಾರೆ. ಹಿಕ್ಕೆ ಹೆಕ್ಕುವುದು ಯಾರಿಗೂ ಇಷ್ಟದ ಕೆಲಸವಲ್ಲ, ಒಪ್ಪುತ್ತೇನೆ. ಆದರೆ ಜಿಯಾರ್ಡಿಯಾ ಎಂಬ ಏಕಕೋಶ ಪರೋಪಜೀವಿ ಸಣ್ಣ ಕರುಳಿನ ಒಳಗೋಡೆಗೆ ಅಂಟಿಕೊಂಡು ಬದುಕುತ್ತದೆಯೇ ಹೊರತು ಗೋಡೆ ದಾಟಿ ರಕ್ತಕ್ಕೆ ಇಳಿಯುವುದಿಲ್ಲ. ಅದನ್ನು ಹಿಡಿಯಬೇಕಾದ ಪ್ರತಿಕಾಯವೂ ಕರುಳಿನೊಳಕ್ಕೇ ಸುರಿಯಬೇಕು. ಸೀರಮ್, ಅಂದರೆ ರಕ್ತದ ತಿಳಿ, ತೆಗೆದು ಅದರಲ್ಲಿ ಎಷ್ಟಿದೆ ಎಂದು ಅಳೆದು ಕರುಳಿನ ಕಥೆ ಹೇಳಹೊರಟರೆ, ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ನೋಡಿ ತೋಟ ನೆನೆದಿದೆ ಎಂದಂತಾಗುತ್ತದೆ.

ಈ ಬರಹ ಆ ಹಿಕ್ಕೆಯಿಂದ ನಂಬಬಹುದಾದ ಒಂದು ಸಂಖ್ಯೆ ತೆಗೆಯುವುದು ಹೇಗೆ ಎಂಬುದರ ಬಗ್ಗೆ. ಎಲೈಸಾ (ಪ್ಲೇಟಿನ ಗುಂಡಿಗಳಲ್ಲಿ ಬಣ್ಣ ಬರಿಸಿ ಪ್ರತಿಕಾಯ ಅಳೆಯುವ ವಿಧಾನ) ಒಮ್ಮೆಯಾದರೂ ಮಾಡಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮಾಡದವರೂ ಓದಬಹುದು, ಯಾವುದಾದರೂ ಸಂಶೋಧನಾ ಲೇಖನದ ಚಿತ್ರ ನೋಡುವಾಗ ಎಲ್ಲಿ ಅನುಮಾನ ಪಡಬೇಕು ಎಂಬುದಾದರೂ ತಿಳಿಯುತ್ತದೆ.

ಮೊದಲು ಎರಡು ಮಾತು ಐಜಿಎ ಬಗ್ಗೆ

ಕರುಳಿನ ಮುಖ್ಯ ಪ್ರತಿಕಾಯ ಐಜಿಎ. ಇಲಿಯ ಸಣ್ಣ ಕರುಳಿನ ಹೊರಮೈಯಲ್ಲಿ ಬಿಳಿ ಚುಕ್ಕೆಗಳಂತೆ ಕಾಣುವ ಪೇಯರ್ ತೇಪೆಗಳಲ್ಲಿ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಪ್ರತಿಜನಕವನ್ನು, ಅಂದರೆ ಪ್ರತಿಕಾಯ ಹಿಡಿಯಬೇಕಾದ ಗುರಿಯನ್ನು, ಮೊದಲು ಎದುರುಗೊಳ್ಳುತ್ತವೆ. ಅಲ್ಲಿಂದ ದುಗ್ಧನಾಳ, ರಕ್ತ ಎಲ್ಲ ಸುತ್ತಿ, ಮೈಮೇಲಿನ ಆಲ್ಫಾ-4 ಬೀಟಾ-7 ಎಂಬ ಅಣುವನ್ನು ವಿಳಾಸದ ಚೀಟಿಯ ಹಾಗೆ ಇಟ್ಟುಕೊಂಡು ಮತ್ತೆ ಕರುಳಿಗೇ ಬಂದು, ಪ್ಲಾಸ್ಮಾ ಕೋಶಗಳಾಗಿ ಗೋಡೆಯ ಒಳಪದರದಲ್ಲಿ ಕೂರುತ್ತವೆ. ಅವು ಹೊರಬಿಡುವ ಐಜಿಎ ಎರಡೆರಡು ಜೋಡಿಯಾಗಿ, ನಡುವೆ ಜೆ ಸರಪಳಿಯೊಂದಿಗೆ ಇರುತ್ತದೆ. ಕರುಳಿನ ಟೊಳ್ಳಿಗೆ ಮುಖಮಾಡಿದ ಪದರದ ಕೋಶಗಳು ಪಿಐಜಿಆರ್ ಎಂಬ ಗ್ರಾಹಿಯಿಂದ ಅದನ್ನು ಹಿಡಿದು, ಕೋಶದೊಳಗಿಂದ ದಾಟಿಸಿ ಕರುಳಿನ ಒಳಕ್ಕೆ ಬಿಡುತ್ತವೆ. ಬಿಡುವಾಗ ಗ್ರಾಹಿಯ ಒಂದು ತುಂಡು ಐಜಿಎ ಜೊತೆಯೇ ಉಳಿಯುತ್ತದೆ, ಜೀರ್ಣರಸಗಳಿಂದ ಅದನ್ನು ಕಾಪಾಡುವುದು ಈ ತುಂಡೇ. ಹಿಕ್ಕೆಯಲ್ಲೂ ಐಜಿಎ ಅಳೆಯಲು ಸಿಗುತ್ತದೆ ಎಂದರೆ ಅದರ ಪುಣ್ಯ. ರಕ್ತದ ಮುಖ್ಯ ಪ್ರತಿಕಾಯವಾದ ಐಜಿಜಿಗೆ ಆ ಕವಚ ಇಲ್ಲ, ಹಿಕ್ಕೆ ತಲುಪುವ ಹೊತ್ತಿಗೆ ಬಹುಪಾಲು ಚೂರುಚೂರಾಗಿರುತ್ತದೆ.

ಇಲಿಯಲ್ಲಿ ಇನ್ನೊಂದು ದಾರಿಯೂ ಇದೆ. ಅದರ ಯಕೃತ್ತಿನ ಕೋಶಗಳಲ್ಲೂ ಪಿಐಜಿಆರ್ ಇರುವುದರಿಂದ ರಕ್ತದ ಐಜಿಎ ಪಿತ್ತದ ಮೂಲಕ ಸಣ್ಣ ಕರುಳಿನ ಮೇಲ್ಭಾಗಕ್ಕೆ ಇಳಿಯುತ್ತದೆ. ಮನುಷ್ಯರಲ್ಲಿ ಈ ದಾರಿ ಬಹಳ ಕಿರಿದು. ಅಲ್ಲದೆ ಮನುಷ್ಯರಲ್ಲಿ ಐಜಿಎ ಎರಡು ಬಗೆ, ಇಲಿಯಲ್ಲಿ ಒಂದೇ. ಇಲಿಯಲ್ಲಿ ಕಂಡದ್ದನ್ನು ಮನುಷ್ಯರಿಗೆ ಹೊಂದಿಸುವಾಗ ಈ ಎರಡು ವ್ಯತ್ಯಾಸ ನೆನಪಿರಲಿ.

ಹೆಜ್ಜೆ 1: ಯಾವ ಜಿಯಾರ್ಡಿಯಾ, ಯಾವ ಇಲಿ

ಆಯ್ಕೆ ಎರಡು. ಜಿಯಾರ್ಡಿಯಾ ಮ್ಯೂರಿಸ್ ಇಲಿಯ ಸಹಜ ಪರೋಪಜೀವಿ. ಮನುಷ್ಯರಿಗೆ ಅಂಟುವುದಿಲ್ಲ. 1976ರಲ್ಲಿ ರಾಬರ್ಟ್ಸ್-ಥಾಮ್ಸನ್ ಮತ್ತು ಸಂಗಡಿಗರು ಇದನ್ನು ಪ್ರಯೋಗದ ಮಾದರಿಯಾಗಿ ರೂಪಿಸಿದ ಮೇಲೆ ಜಿಯಾರ್ಡಿಯಾ ವಿರುದ್ಧದ ಕರುಳಿನ ಪ್ರತಿಕಾಯದ ಬಗ್ಗೆ ನಮಗೆ ತಿಳಿದಿರುವ ಬಹಳಷ್ಟು ಸಂಗತಿ ಇದರಿಂದಲೇ ಬಂದಿದೆ. ಸುಮಾರು 1000 ಸಿಸ್ಟ್ (ಹಿಕ್ಕೆಯಲ್ಲಿ ಹೊರಬೀಳುವ, ಗಟ್ಟಿ ಕವಚದ ರೂಪ) ಬಾಯಿಗೆ ಹಾಕಿದರೆ ಸಾಕು, ಒಂದೆರಡು ವಾರದಲ್ಲಿ ಸೋಂಕು ತುದಿಗೇರುತ್ತದೆ. ಬಾಲ್ಬ್-ಸಿ ತಳಿಯ ಇಲಿಗಳು ಅದನ್ನು ಕೆಲವೇ ವಾರಗಳಲ್ಲಿ ತೊಡೆದುಹಾಕುತ್ತವೆ, ಸಿ3ಎಚ್ ತಳಿಯವು ಇನ್ನೂ ವಾರಗಟ್ಟಲೆ ಎಳೆದಾಡುತ್ತವೆ. ಒಂದೇ ತೊಂದರೆ: ಇದನ್ನು ಕೊಳವೆಯಲ್ಲಿ ಬೆಳೆಸಿ ಇಟ್ಟುಕೊಳ್ಳಲು ಬರುವುದಿಲ್ಲ, ಇಲಿಯಿಂದ ಇಲಿಗೆ ದಾಟಿಸುತ್ತ ಇರಬೇಕು.

ಎರಡನೆಯದು ಮನುಷ್ಯರ ಭೇದಿಗೆ ಕಾರಣವಾಗುವ ಜಿಯಾರ್ಡಿಯಾ ಡುವೋಡೆನಾಲಿಸ್. ಹಳೆಯ ಬರಹಗಳಲ್ಲಿ ಲ್ಯಾಂಬ್ಲಿಯಾ ಎಂದಿರುತ್ತದೆ, ಎರಡೂ ಒಂದೇ. ಇದನ್ನು ದನದ ಪಿತ್ತ ಸೇರಿಸಿದ ಮಾಧ್ಯಮದಲ್ಲಿ ಬೆಳೆಸಬಹುದು. ಜಿಎಸ್ ಎಂಬ ತಳಿ ಬೆಳೆದ ಇಲಿಯಲ್ಲೂ ನೆಲೆಯೂರುತ್ತದೆ, ಸಾಮಾನ್ಯವಾಗಿ 10 ಲಕ್ಷ ಟ್ರೋಫೋಜೋಯಿಟ್ (ಕರುಳಿನಲ್ಲಿ ಈಜುವ, ಅಂಟಿಕೊಳ್ಳುವ ರೂಪ) ಕೊಡುತ್ತಾರೆ, ಎರಡು-ಮೂರು ವಾರದಲ್ಲಿ ಸೋಂಕು ಇಳಿಯುತ್ತದೆ. ಎಲ್ಲ ಲ್ಯಾಬ್‌ಗಳಲ್ಲೂ ಸಿಗುವ ಡಬ್ಲ್ಯುಬಿ ತಳಿಗೆ ಮಾತ್ರ ಇಲಿಗೆ ಮುಂಚೆ ಆ್ಯಂಟಿಬಯಾಟಿಕ್ ಕುಡಿಸಿ ಕರುಳಿನ ಬ್ಯಾಕ್ಟೀರಿಯಾ ತಗ್ಗಿಸಬೇಕಾಗುತ್ತದೆ. ನೀವು ಅಳೆಯಹೊರಟಿರುವುದು ಐಜಿಎ. ಐಜಿಎ ಹುಟ್ಟುವುದಕ್ಕೆ ದೊಡ್ಡ ಪ್ರಚೋದನೆಯೇ ಕರುಳಿನ ಬ್ಯಾಕ್ಟೀರಿಯಾ. ಹಾಗಿರುವಾಗ ಆ್ಯಂಟಿಬಯಾಟಿಕ್ ಹಾಕಿದ ಇಲಿಯಲ್ಲಿ ಏನು ಬದಲಾಯಿತು, ಯಾಕೆ ಬದಲಾಯಿತು ಎಂದು ಬಿಡಿಸುವುದು ತಲೆನೋವು. ಪ್ರತಿಕಾಯವೇ ನಿಮ್ಮ ಪ್ರಶ್ನೆಯಾದರೆ ಡಬ್ಲ್ಯುಬಿ ಬೇಡ.

ಭಾರತದಲ್ಲಿ ಮಾಡುವುದಾದರೆ ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಕೇಂದ್ರ ಸಮಿತಿಯಾದ ಸಿಸಿಎಸ್‌ಇಎ ನೋಂದಣಿ ಇರುವ ಪ್ರಾಣಿಗೃಹದಲ್ಲೇ ಮಾಡಬೇಕು. ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಗೆ ಫಾರ್ಮ್ ಬಿ ಸಲ್ಲಿಸಿ, ಒಪ್ಪಿಗೆ ಬಂದ ಮೇಲಷ್ಟೇ ಶುರು. ಅರ್ಜಿಯಲ್ಲಿ ಒಂದು ಮಾತು ನಿಮ್ಮ ಪರವಾಗಿ ಕೆಲಸ ಮಾಡುತ್ತದೆ: ಹಿಕ್ಕೆಯ ಮಾದರಿ ತೆಗೆಯಲು ಇಲಿಗೆ ಚುಚ್ಚಬೇಕಿಲ್ಲ, ಕೊಲ್ಲಬೇಕಿಲ್ಲ, ಅದೇ ಇಲಿಯನ್ನು ಐದು ವಾರ ಹಿಂಬಾಲಿಸಬಹುದು. ಪ್ರತಿ ಹಂತಕ್ಕೂ ಒಂದು ಗುಂಪನ್ನು ಕೊಂದು ಕರುಳು ತೊಳೆಯುವ ಯೋಜನೆಗಿಂತ ಇಲಿಗಳ ಸಂಖ್ಯೆ ಬಹಳ ಕಡಿಮೆಯಾಗುತ್ತದೆ.

ಹೆಜ್ಜೆ 2: ಪಂಜರ

ಎಲ್ಲರೂ ಅವಸರದಲ್ಲಿ ದಾಟಿಬಿಡುವ ಹೆಜ್ಜೆ ಇದು, ನನ್ನ ಮಟ್ಟಿಗೆ ಅರ್ಧ ಪ್ರಯೋಗ ಇಲ್ಲೇ ಗೆಲ್ಲುತ್ತದೆ ಅಥವಾ ಸೋಲುತ್ತದೆ. ಇಲಿಗಳು ತಮ್ಮ ಹಿಕ್ಕೆಯನ್ನೂ ಪಕ್ಕದವರ ಹಿಕ್ಕೆಯನ್ನೂ ತಿನ್ನುತ್ತವೆ. ಅದರಿಂದ ಎರಡು ಪರಿಣಾಮ. ಒಂದು, ಒಂದೇ ಪಂಜರದಲ್ಲಿ ಸೋಂಕಿನ ಇಲಿಯನ್ನೂ ಸೋಂಕಿಲ್ಲದ್ದನ್ನೂ ಇಟ್ಟರೆ ಬೇಗನೆ ಎಲ್ಲಕ್ಕೂ ಸೋಂಕು ಹರಡಬಹುದು. ಎರಡು, ಒಂದು ಪಂಜರದ ಇಲಿಗಳ ಕರುಳಿನ ಬ್ಯಾಕ್ಟೀರಿಯಾ ಒಂದೇ ತರಹ ಆಗುತ್ತದೆ, ಪಕ್ಕದ ಪಂಜರದ್ದು ಬೇರೆ. ಬ್ಯಾಕ್ಟೀರಿಯಾ ಬೇರೆಯಾದರೆ ಒಟ್ಟು ಐಜಿಎ ಕೂಡ ಬೇರೆ.

ನಾನು ಮೊದಲ ಬಾರಿ ಈ ಪ್ರಯೋಗ ಮಾಡಿದಾಗ ಐದು ಇಲಿ ಒಂದು ಪಂಜರ, ಐದು ಇಲಿ ಇನ್ನೊಂದು ಪಂಜರ ಎಂದು ಸುಲಭವಾಗಿ ಹಂಚಿಬಿಟ್ಟಿದ್ದೆ. ಸೋಂಕಿನ ಪಂಜರದಲ್ಲಿ ಐಜಿಎ ದುಪ್ಪಟ್ಟು ಕಂಡಿತು. ಖುಷಿಯಿಂದ ಗ್ರಾಫ್ ಬರೆದೆ. ಆಮೇಲೆ ಫ್ರೀಜರ್‌ನಲ್ಲಿದ್ದ ಸೋಂಕಿನ ಮೊದಲಿನ ದಿನದ ಮಾದರಿ ತೆಗೆದು ನೋಡಿದರೆ ಅಲ್ಲೂ ದುಪ್ಪಟ್ಟೇ ಇತ್ತು. ಸೋಂಕಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮೂರು ತಿಂಗಳ ಕೆಲಸ ಹೋಯಿತು, ಆದರೆ ಸೊನ್ನೆ ದಿನದ ಮಾದರಿ ಎಂದೂ ಬಿಡಬಾರದು ಎಂಬುದು ಕೈಗೆ ಅಂಟಿಕೊಂಡಿತು.

ಈಗ ಮಾಡುವುದು ಹೀಗೆ. ಬಂದ ಇಲಿಗಳನ್ನೆಲ್ಲ ಎರಡು ವಾರ ಕಾಲ ಪಂಜರಗಳ ಹಾಸನ್ನು ಒಂದರೊಳಗೊಂದು ಬೆರೆಸುತ್ತ ಇಡುತ್ತೇವೆ, ಬ್ಯಾಕ್ಟೀರಿಯಾ ಸಮನಾಗಲಿ ಎಂದು. ಆಮೇಲೆ ಪ್ರತಿ ಗುಂಪಿಗೂ ಕನಿಷ್ಠ ಮೂರು ಪಂಜರ, ಪಂಜರಕ್ಕೆ ಎರಡು-ಮೂರು ಇಲಿ. ಇದೇ ಹೊತ್ತಿನಲ್ಲಿ ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಮೊದಲೇ ಜಿಯಾರ್ಡಿಯಾ ಮ್ಯೂರಿಸ್, ಸ್ಪೈರೋನ್ಯೂಕ್ಲಿಯಸ್ ಎಂಬ ಇನ್ನೊಂದು ಏಕಕೋಶ ಪರೋಪಜೀವಿ ಅಥವಾ ಸಿಫೇಸಿಯಾ ಎಂಬ ದಾರದಂಥ ಹುಳು ಇದೆಯೇ ಎಂದು ಪರೀಕ್ಷಿಸುತ್ತೇವೆ. ಪ್ರಾಣಿಗೃಹದವರು ಏನಿಲ್ಲ ಎಂದು ಹೇಳಿದರೂ ನೋಡಿ. ಅಪನಂಬಿಕೆಯ ಮಾತಲ್ಲ, ಅಭ್ಯಾಸದ ಮಾತು.

ಹೆಜ್ಜೆ 3: ಸೋಂಕು ಕೊಡುವುದು

ತುದಿಯಲ್ಲಿ ಗುಂಡು ಇರುವ ಗವಾಜ್ ಸೂಜಿಯಿಂದ, ಬಾಯಿಯ ಮೂಲಕ ನೇರ ಹೊಟ್ಟೆಗೆ. 20 ಗ್ರಾಂ ತೂಕದ ಇಲಿಗೆ 0.2 ಮಿ.ಲೀ.ಗಿಂತ ಹೆಚ್ಚು ಬೇಡ. ಸಿಸ್ಟ್ ಆದರೆ ತಣ್ಣನೆಯ ನೀರಿನಲ್ಲಿ ಕೆಲವು ದಿನ ಇಡಬಹುದು. ಟ್ರೋಫೋಜೋಯಿಟ್ ಆದರೆ ತೆಗೆದ ಗಂಟೆಯೊಳಗೆ ಕೊಡಬೇಕು, ಸೂಕ್ಷ್ಮದರ್ಶಕದಲ್ಲಿ ಈಜುತ್ತಿವೆಯೇ ಎಂದು ನೋಡಿಕೊಂಡು ಕೊಡಿ. ಸೋಂಕಿಲ್ಲದ ಗುಂಪಿಗೂ ಅದೇ ದ್ರವ, ಪರೋಪಜೀವಿ ಇಲ್ಲದೆ. ಡುವೋಡೆನಾಲಿಸ್ ಮನುಷ್ಯರಿಗೂ ಅಂಟುವ ಜೀವಿ. 1954ರಲ್ಲಿ ರೆಂಡ್‌ಟಾರ್ಫ್ ಸ್ವಯಂಸೇವಕರ ಮೇಲೆ ಮಾಡಿದ ಪ್ರಯೋಗದಲ್ಲಿ 10 ಸಿಸ್ಟ್‌ಗಳೇ ಸೋಂಕಿಗೆ ಸಾಕಾಗಿದ್ದವು. ಕೈಗವಸು ತೆಗೆದು ಬಾಗಿಲ ಹಿಡಿ ಮುಟ್ಟಿ, ಆಮೇಲೆ ಟೀ ಕುಡಿಯಲು ಹೋಗುವ ಅಭ್ಯಾಸ ಇದ್ದರೆ ಬಿಡಿ. ಸಿಸ್ಟ್‌ಗಳು ಕ್ಲೋರಿನ್‌ಗೆ ಸುಲಭದಲ್ಲಿ ಬಗ್ಗುವುದಿಲ್ಲ, ಬಿಸಿಗೆ ಬಗ್ಗುತ್ತವೆ. ಪಂಜರ, ಹಾಸು ಎಲ್ಲ ಆಟೋಕ್ಲೇವ್‌ಗೆ.

ಹೆಜ್ಜೆ 4: ಹಿಕ್ಕೆ ಹೆಕ್ಕುವುದು

ಸೊನ್ನೆ ದಿನ, ಆಮೇಲೆ 7, 10, 14, 21, 28, 35ನೇ ದಿನ. ಜಿಎಸ್ ತಳಿಯಾದರೆ ಮೊದಲ ಮೂರು ವಾರದಲ್ಲಿ ಇನ್ನೆರಡು ಹಂತ ಸೇರಿಸಿ. ಪ್ರತಿ ಸಲ ಅದೇ ಹೊತ್ತಿಗೆ, ನಾವು ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಮುಗಿಸುತ್ತೇವೆ.

ಪಂಜರದ ಹಾಸಿನಲ್ಲಿ ಬಿದ್ದಿರುವುದನ್ನು ಹೆಕ್ಕಬೇಡಿ. ಯಾವ ಇಲಿಯದು, ಯಾವಾಗಿನದು ಗೊತ್ತಾಗುವುದಿಲ್ಲ, ಮೂತ್ರವೂ ಬೆರೆತಿರುತ್ತದೆ. ಪ್ರತಿ ಇಲಿಯನ್ನೂ ಒಂದೊಂದು ಶುಚಿಯಾದ ಖಾಲಿ ಡಬ್ಬಿಯಲ್ಲಿ ಬಿಡಿ. ಹೊಸ ಜಾಗಕ್ಕೆ ಬಂದ ಗಾಬರಿಗೆ ಹತ್ತು ನಿಮಿಷದಲ್ಲಿ ನಾಲ್ಕೈದು ಹಿಕ್ಕೆ ಹಾಕಿಯೇ ಹಾಕುತ್ತದೆ. ಅಷ್ಟು ಸೇರಿದರೆ ಸುಮಾರು 100 ಮಿಲಿಗ್ರಾಂ. ಚಿಮಟದಿಂದ ಎತ್ತಿ, ಮೊದಲೇ ತೂಗಿಟ್ಟ ಕೊಳವೆಗೆ ಹಾಕಿ, ತಕ್ಷಣ ಮಂಜುಗಡ್ಡೆಯ ಮೇಲಿಡಿ. ಒಂದೆರಡು ಹಿಕ್ಕೆಯನ್ನು ಬೇರೆ ಕೊಳವೆಯಲ್ಲಿ ಸಿಸ್ಟ್ ಎಣಿಸಲು ಇಟ್ಟುಕೊಳ್ಳಿ. ಅದನ್ನು ಮಾತ್ರ ಫ್ರೀಜ್ ಮಾಡಬಾರದು.

ಹೆಜ್ಜೆ 5: ಸಾರ ತೆಗೆಯುವುದು

100 ಮಿಲಿಗ್ರಾಂಗೆ 1 ಮಿ.ಲೀ. ಲೆಕ್ಕದಲ್ಲಿ ತಣ್ಣನೆಯ ಪಿಬಿಎಸ್ (ಫಾಸ್ಫೇಟ್ ಬೆರೆಸಿದ ಉಪ್ಪುನೀರು) ಹಾಕಿ. ಹಿಕ್ಕೆಯಲ್ಲಿ ಪ್ರೋಟೀನು ಕತ್ತರಿಸುವ ಕಿಣ್ವಗಳು ಧಾರಾಳ ಇರುವುದರಿಂದ ಪಿಬಿಎಸ್‌ಗೆ ಸೋಯಾ ಟ್ರಿಪ್ಸಿನ್ ತಡೆಕ (ಮಿ.ಲೀ.ಗೆ 0.1 ಮಿಲಿಗ್ರಾಂ), 50 ಮಿಲಿಮೋಲಾರ್ ಇಡಿಟಿಎ, 1 ಮಿಲಿಮೋಲಾರ್ ಪಿಎಂಎಸ್‌ಎಫ್ ಸೇರಿಸಬೇಕು. ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಸತ್ತುಹೋಗುತ್ತದೆ. ಆಲ್ಕೋಹಾಲಿನಲ್ಲಿ ಕರಗಿಸಿಟ್ಟು, ಬಳಸುವ ಕ್ಷಣದಲ್ಲಿ ಬೆರೆಸಿ. ನಿನ್ನೆ ಬೆರೆಸಿಟ್ಟ ಬಾಟಲಿಯಲ್ಲಿ ಅದು ಇದ್ದೂ ಇಲ್ಲದ ಹಾಗೆ. ವಿಷ, ಆದ್ದರಿಂದ ಪುಡಿ ತೂಗುವಾಗ ಮುಖಗವಸು ಇರಲಿ.

ಹತ್ತು ನಿಮಿಷ ಮಂಜುಗಡ್ಡೆಯ ಮೇಲೆ ನೆನೆಯಲು ಬಿಡಿ, ಆಮೇಲೆ ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಕದಡಿ. ನೆನೆಸದೆ ವೋರ್ಟೆಕ್ಸ್ ಮಾಡಿದರೆ ನಡುವಿನ ಗಟ್ಟಿ ಭಾಗ ಹಾಗೇ ಉಳಿಯುತ್ತದೆ. ಪೂರ್ತಿ ಕದಡಿದ ಮೇಲೆ 4 ಡಿಗ್ರಿಯಲ್ಲಿ, 12,000 ಜಿ ವೇಗದಲ್ಲಿ 10 ನಿಮಿಷ ತಿರುಗಿಸಿ. ಮೇಲಿನ ತಿಳಿಯನ್ನು ತೆಗೆದು ಮತ್ತೊಮ್ಮೆ ತಿರುಗಿಸಿದರೆ ಇನ್ನೂ ಒಳ್ಳೆಯದು. ಸಣ್ಣ ಸಣ್ಣ ಕೊಳವೆಗಳಿಗೆ ಹಂಚಿ -80 ಡಿಗ್ರಿಗೆ. ಒಂದೇ ಕೊಳವೆಯನ್ನು ನಾಲ್ಕು ಸಲ ಕರಗಿಸಿ ಹೆಪ್ಪುಗಟ್ಟಿಸುವುದಕ್ಕಿಂತ ನಾಲ್ಕು ಕೊಳವೆಗೆ ಲೇಬಲ್ ಬರೆಯುವ ಬೇಸರವೇ ವಾಸಿ.

ಪ್ರಯೋಗದ ಕೊನೆಯ ದಿನ ಇಲಿಗಳನ್ನು ಬಲಿಕೊಡುವುದಾದರೆ ಸಣ್ಣ ಕರುಳನ್ನು ಇದೇ ದ್ರವದಿಂದ ತೊಳೆದು ಆ ನೀರನ್ನೂ ಇಟ್ಟುಕೊಳ್ಳಿ. ಪಿತ್ತಕೋಶ ಸಿಕ್ಕರೆ ಅದರ ರಸವನ್ನೂ. ಹಿಕ್ಕೆ ತೋರಿಸುವುದು ಇಡೀ ಕರುಳಿನ ಒಟ್ಟು ಲೆಕ್ಕ. ಜಿಯಾರ್ಡಿಯಾ ಇರುವುದು ಮಾತ್ರ ಮೇಲ್ಭಾಗದಲ್ಲಿ.

ಹೆಜ್ಜೆ 6: ಪ್ರತಿಜನಕ, ಮೋಸ ಹೋಗುವ ಜಾಗ

ಎಲೈಸಾ ಪ್ಲೇಟಿನ ತಳಕ್ಕೆ ಜಿಯಾರ್ಡಿಯಾದ ಪ್ರೋಟೀನು ಅಂಟಿಸಬೇಕು. ಅದನ್ನು ಎಲ್ಲಿಂದ ತರುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ.

ಮ್ಯೂರಿಸ್ ಆದರೆ ಸೋಂಕಿನ ಇಲಿಯ ಕರುಳಿನಿಂದಲೇ ಟ್ರೋಫೋಜೋಯಿಟ್ ತೆಗೆಯಬೇಕು. ಇಲ್ಲಿ ಒಂದು ಬಲೆ ಇದೆ. ಎರಡನೇ-ಮೂರನೇ ವಾರದ ಇಲಿಯಿಂದ ತೆಗೆದ ಟ್ರೋಫೋಜೋಯಿಟ್‌ಗಳ ಮೈಗೆ ಇಲಿಯ ಐಜಿಎ ಆಗಲೇ ಮೆತ್ತಿಕೊಂಡಿರುತ್ತದೆ. ಅದನ್ನೇ ಅರೆದು ಪ್ಲೇಟಿಗೆ ಹಾಕಿ, ಮೇಲಿಂದ ಇಲಿಯ ಐಜಿಎ ಹುಡುಕುವ ಪ್ರತಿಕಾಯ ಸುರಿದರೆ ಏನಾಗುತ್ತದೆ? ಎಲ್ಲ ವೆಲ್‌ಗಳೂ (ಪ್ಲೇಟಿನ ಗುಂಡಿಗಳು) ಪ್ರತಿಕಾಯ ಇದೆ ಎನ್ನುವ ಹಳದಿ, ಮಾದರಿ ಹಾಕದ ವೆಲ್ ಕೂಡ. ಪಾರಾಗಲು ಎರಡು ದಾರಿ: ಪ್ರತಿಕಾಯ ಏಳುವ ಮೊದಲೇ, ಅಂದರೆ ಮೊದಲ ವಾರದಲ್ಲೇ ಕೊಯ್ಲು ಮಾಡುವುದು, ಇಲ್ಲವೇ ಪ್ರತಿಕಾಯ ತಯಾರಿಸಲಾಗದ ತಳಿಯ ಇಲಿಯಲ್ಲಿ ಬೆಳೆಸುವುದು. ಎರಡರಲ್ಲಿ ಯಾವುದೇ ಆಗಲಿ, ಪ್ರತಿಜನಕ ಇದ್ದು ಮಾದರಿ ಇಲ್ಲದ ವೆಲ್ ಪ್ರತಿ ಪ್ಲೇಟಿನಲ್ಲೂ ಇರಲೇಬೇಕು.

ಡುವೋಡೆನಾಲಿಸ್‌ನಲ್ಲಿ ಈ ಕಾಟ ಇಲ್ಲ, ಬೇರೆಯದಿದೆ. ಕೊಳವೆಯಲ್ಲಿ ಬೆಳೆದವನ್ನು ಹದಿನೈದು ನಿಮಿಷ ಮಂಜುಗಡ್ಡೆಯಲ್ಲಿಟ್ಟರೆ ಗಾಜಿನಿಂದ ಬಿಡಿಸಿಕೊಳ್ಳುತ್ತವೆ. 500 ಜಿಯಲ್ಲಿ ತಿರುಗಿಸಿ, ತಣ್ಣನೆಯ ಪಿಬಿಎಸ್‌ನಲ್ಲಿ ಮೂರು ಸಲ ತೊಳೆದು, ಹೆಪ್ಪುಗಟ್ಟಿಸಿ ಕರಗಿಸಿ, ಸೋನಿಕೇಟ್ ಮಾಡಿದರೆ (ಶಬ್ದದ ಅಲೆಗಳಿಂದ ಒಡೆದರೆ) ಪ್ರತಿಜನಕ ಸಿದ್ಧ. ತೊಳೆಯುವುದರಲ್ಲಿ ಜಿಪುಣತನ ಬೇಡ, ಮಾಧ್ಯಮದ ದನದ ಸೀರಮ್ ಅಂಟಿಕೊಂಡಿರುತ್ತದೆ. ಅಸಲಿ ಸಮಸ್ಯೆ ಜಿಯಾರ್ಡಿಯಾದ ಅಂಗಿ. ಅದರ ಮೈಯನ್ನೆಲ್ಲ ವಿಎಸ್‌ಪಿ ಎಂಬ ಒಂದೇ ಬಗೆಯ ಪ್ರೋಟೀನು ಹೊದ್ದಿರುತ್ತದೆ. ಆದರೆ ಅದರ ಜೀನ್‌ಗಳ ಗಂಟಿನಲ್ಲಿ ಸುಮಾರು 200 ಬಗೆಯ ಅಂಗಿಗಳಿವೆ, ಒಂದು ಹೊತ್ತಿಗೆ ಒಂದನ್ನು ತೊಡುತ್ತದೆ, ಆಗಾಗ ಬದಲಿಸುತ್ತದೆ. ಉಳಿದವನ್ನು ಆರ್‌ಎನ್‌ಎ ಮಟ್ಟದಲ್ಲಿ ಅದುಮಿಡುವ ಉಪಾಯವನ್ನು 2008ರಲ್ಲಿ ಅರ್ಜೆಂಟೀನಾದ ಲುಹಾನ್ ಅವರ ತಂಡ ತೋರಿಸಿಕೊಟ್ಟಿತು. ಇಲಿಗೆ ಕೊಟ್ಟದ್ದು ಜಿಎಸ್‌ನ ಎಚ್7 ಎಂಬ ತದ್ರೂಪು (ಒಂದೇ ಅಂಗಿ ತೊಟ್ಟ ಪೀಳಿಗೆ), ಪ್ಲೇಟಿಗೆ ಹಾಕಿದ್ದು ತಿಂಗಳುಗಟ್ಟಲೆ ಬೆಳೆಸಿ ಅಂಗಿ ಬದಲಿಸಿಕೊಂಡ ಪೀಳಿಗೆ ಎಂದಾದರೆ, ಇಲಿ ಹೊಡೆದ ಗುರಿ ಪ್ಲೇಟಿನಲ್ಲಿ ಇರುವುದೇ ಇಲ್ಲ. ಫಲಿತಾಂಶ ಸೊನ್ನೆ ಬಂದು, ಇಲಿ ಪ್ರತಿಕಾಯವನ್ನೇ ಮಾಡಿಲ್ಲ ಎಂದು ಬರೆದುಬಿಡುತ್ತೀರಿ. ಆದ್ದರಿಂದ ಸೋಂಕು ಕೊಟ್ಟ ದಿನದ ಕಲ್ಚರ್‌ನಿಂದಲೇ ಪ್ರತಿಜನಕ ತಯಾರಿಸಿ, ಒಂದೇ ಬ್ಯಾಚಿನಲ್ಲಿ ಇಡೀ ಪ್ರಯೋಗಕ್ಕೆ ಸಾಕಾಗುವಷ್ಟು, ಹಂಚಿ ಫ್ರೀಜ್ ಮಾಡಿ.

ಹೆಜ್ಜೆ 7: ಪ್ಲೇಟು

ಇದು ನಿಮಗೆ ಗೊತ್ತಿರುವ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ಮಿ.ಲೀ.ಗೆ 5 ಮೈಕ್ರೋಗ್ರಾಂ ಪ್ರತಿಜನಕ, ಪಿಎಚ್ 9.6ರ ಕಾರ್ಬೊನೇಟ್ ದ್ರಾವಣದಲ್ಲಿ, ವೆಲ್‌ಗೆ 100 ಮೈಕ್ರೋಲೀಟರ್, ರಾತ್ರಿಯಿಡೀ 4 ಡಿಗ್ರಿಯಲ್ಲಿ. ಶೇ. 0.05 ಟ್ವೀನ್ ಇರುವ ಪಿಬಿಎಸ್‌ನಿಂದ ಮೂರು ತೊಳೆತ. ಶೇ. 2 ಬಿಎಸ್‌ಎಯಿಂದ ಒಂದು ಗಂಟೆ ಬ್ಲಾಕ್ (ಪ್ಲೇಟಿನಲ್ಲಿ ಖಾಲಿ ಉಳಿದ ಜಾಗ ಮುಚ್ಚುವುದು; ಬಿಎಸ್‌ಎ ಎಂದರೆ ದನದ ರಕ್ತದ ಒಂದು ಪ್ರೋಟೀನು). ಹಾಲಿನ ಪುಡಿ ಅಗ್ಗ, ಆದರೆ ಅದರಲ್ಲಿ ದನದ ಪ್ರತಿಕಾಯಗಳಿರುತ್ತವೆ, ಈ ಕೆಲಸಕ್ಕೆ ನಾನು ಬಳಸುವುದಿಲ್ಲ. ಹಿಕ್ಕೆಯ ಸಾರವನ್ನು ಹತ್ತು ಪಟ್ಟು ತೆಳುವಿನಿಂದ ಶುರುಮಾಡಿ ಎರಡೆರಡು ಪಟ್ಟು ತೆಳುಮಾಡುತ್ತ ಏಳೆಂಟು ಮೆಟ್ಟಿಲು ಇಳಿಯಿರಿ. ಎರಡು ಗಂಟೆ ಬಿಡಿ, ತೊಳೆಯಿರಿ. ಎಚ್‌ಆರ್‌ಪಿ ಕಿಣ್ವ ಕೂಡಿಸಿದ, ಇಲಿಯ ಐಜಿಎ ಹಿಡಿಯುವ ಪ್ರತಿಕಾಯ, ಒಂದು ಗಂಟೆ. ಐದು ತೊಳೆತ, ಬಣ್ಣ ಬರಿಸುವ ಟಿಎಂಬಿ, ನೀಲಿ ಬಂದಾಗ ಆಮ್ಲ ಹಾಕಿ ನಿಲ್ಲಿಸಿ (ಹಳದಿಗೆ ತಿರುಗುತ್ತದೆ), 450 ನ್ಯಾನೋಮೀಟರ್‌ನಲ್ಲಿ ಓದಿ.

ಎರಡು ಎಚ್ಚರ. ಸೋಡಿಯಂ ಅಜೈಡ್ ಎಚ್‌ಆರ್‌ಪಿಯನ್ನು ಕೊಲ್ಲುತ್ತದೆ. ಹುಳ ಹಿಡಿಯದಿರಲಿ ಎಂದು ಯಾರೋ ಒಳ್ಳೆಯ ಮನಸ್ಸಿನಿಂದ ಅಜೈಡ್ ಹಾಕಿಟ್ಟ ಪಿಬಿಎಸ್‌ನಲ್ಲಿ ನೀವು ಪ್ಲೇಟ್ ತೊಳೆದರೆ ಕೊನೆಗೆ ಬಣ್ಣವೇ ಬರುವುದಿಲ್ಲ. ಇನ್ನೊಂದು, ಕರುಳಿನ ಐಜಿಎ ಸ್ವಭಾವತಃ ಅಂಟುಗುಳಿ, ಸಂಬಂಧವಿಲ್ಲದ ವಸ್ತುಗಳಿಗೂ ಅಷ್ಟಿಷ್ಟು ಹಿಡಿದುಕೊಳ್ಳುತ್ತದೆ. ಆದ್ದರಿಂದ ಪ್ರತಿ ಮಾದರಿಯನ್ನೂ ಬರೀ ಬಿಎಸ್‌ಎ ಹಚ್ಚಿದ ವೆಲ್‌ನಲ್ಲೂ ಹಾಕಿ, ಆ ಓದನ್ನು ಕಳೆಯಿರಿ. ವೆಲ್‌ಗಳು ಎರಡು ಪಟ್ಟು ಬೇಕಾಗುತ್ತವೆ, ಪ್ಲೇಟಿನ ಖರ್ಚು ಏರುತ್ತದೆ. ಏರಲಿ.

ಪ್ರತಿ ಪ್ಲೇಟಿನಲ್ಲೂ ಒಂದೇ ಬ್ಯಾಚಿನ, ಪ್ರತಿಕಾಯ ಹೆಚ್ಚಿರುವ ಮಾದರಿಯೊಂದು ಇರಬೇಕು. 21ನೇ ದಿನದ ಸೋಂಕಿನ ಇಲಿಗಳ ಸಾರವನ್ನೆಲ್ಲ ಸ್ವಲ್ಪ ಸ್ವಲ್ಪ ಬೆರೆಸಿ, ಅದಕ್ಕೆ 100 ಮಾನ ಎಂದು ಹೆಸರಿಟ್ಟು, ಉಳಿದವನ್ನು ಅದರ ಪಕ್ಕದಲ್ಲಿ ಅಳೆಯಿರಿ. ಸೋಮವಾರದ ಪ್ಲೇಟನ್ನೂ ಗುರುವಾರದ ಪ್ಲೇಟನ್ನೂ ಹೋಲಿಸಲು ಬೇರೆ ಉಪಾಯ ಇಲ್ಲ.

ಹೆಜ್ಜೆ 8: ಒಟ್ಟು ಐಜಿಎ

ಇದನ್ನು ಬಿಟ್ಟ ಲೇಖನಗಳು ಈಗಲೂ ಕಾಣುತ್ತವೆ. ಉದಾಹರಣೆಗೆ ಎರಡು ಇಲಿ ಎಂದುಕೊಳ್ಳಿ, ಎರಡರಲ್ಲೂ ಜಿಯಾರ್ಡಿಯಾ ವಿರುದ್ಧದ ಐಜಿಎ 40 ಮಾನ. ಮೊದಲನೆಯದರ ಸಾರದಲ್ಲಿ ಒಟ್ಟು ಐಜಿಎ ಮಿ.ಲೀ.ಗೆ 50 ಮೈಕ್ರೋಗ್ರಾಂ, ಎರಡನೆಯದರಲ್ಲಿ 200. ಮೊದಲ ಇಲಿ ತನ್ನ ಐಜಿಎಯ ದೊಡ್ಡ ಪಾಲನ್ನು ಜಿಯಾರ್ಡಿಯಾ ಕಡೆಗೇ ತಿರುಗಿಸಿದೆ, ಮೈಕ್ರೋಗ್ರಾಂಗೆ 0.8 ಮಾನ. ಎರಡನೆಯದು 0.2 ಮಾತ್ರ. ಅಥವಾ ಮೊದಲನೆಯದಕ್ಕೆ ಭೇದಿಯಾಗಿ ಹಿಕ್ಕೆ ನೀರಾಗಿದ್ದು, ಎಲ್ಲವೂ ತೆಳುವಾಗಿರಬಹುದು. ಒಟ್ಟು ಐಜಿಎ ಅಳೆಯದಿದ್ದರೆ ಇವೆರಡೂ ಒಂದೇ ಎಂದು ಕಾಣುತ್ತವೆ.

ಅಳೆಯುವುದು ಕಷ್ಟವಲ್ಲ: ಪ್ಲೇಟಿಗೆ ಇಲಿಯ ಐಜಿಎ ಹಿಡಿಯುವ ಪ್ರತಿಕಾಯ ಹಚ್ಚಿ, ಮಾದರಿ ಹಾಕಿ, ಅದೇ ಎಚ್‌ಆರ್‌ಪಿ ಪ್ರತಿಕಾಯದಿಂದ ಓದಿ. ಪಕ್ಕದಲ್ಲಿ ಶುದ್ಧ ಇಲಿ ಐಜಿಎಯ ಅಳತೆಗೆರೆ. ಇಲ್ಲಿ ಮಾದರಿಯನ್ನು ನೂರರಿಂದ ಸಾವಿರಾರು ಪಟ್ಟು ತೆಳುಮಾಡಬೇಕಾಗುತ್ತದೆ. ಬರೆಯುವಾಗ ಅನುಪಾತ ಮಾತ್ರ ಕೊಡಬೇಡಿ, ಎರಡೂ ಸಂಖ್ಯೆ ಕೊಡಿ. ಸೋಂಕು ಒಟ್ಟು ಐಜಿಎಯನ್ನೇ ಏರಿಸಿದ್ದರೆ ಅನುಪಾತದಲ್ಲಿ ಅದು ಮುಚ್ಚಿಹೋಗುತ್ತದೆ.

ಹೆಜ್ಜೆ 9: ಪರೋಪಜೀವಿಯ ಲೆಕ್ಕ

ಬೇರೆ ಇಟ್ಟಿದ್ದ ಹಿಕ್ಕೆಯನ್ನು ನೀರಿನಲ್ಲಿ ಕದಡಿ, 1 ಮೋಲಾರ್ ಸಕ್ಕರೆ ದ್ರಾವಣದ ಮೇಲೆ ನಿಧಾನಕ್ಕೆ ಸುರಿದು ತಿರುಗಿಸಿದರೆ ಕಸ ತಳಕ್ಕೆ, ಸಿಸ್ಟ್‌ಗಳು ನಡುವಿನ ಗೆರೆಗೆ. ಅದನ್ನು ತೆಗೆದು ತೊಳೆದು ರಕ್ತಕೋಶ ಎಣಿಸುವ ಗಾಜಿನಲ್ಲಿ ಎಣಿಸಿ. ಸಿಸ್ಟ್ ಬೀಳುವುದು ದಿನದಿಂದ ದಿನಕ್ಕೆ ಹಾರಾಡುತ್ತದೆ, ಒಂದು ದಿನ ಸೊನ್ನೆ ಬಂದರೆ ಸೋಂಕು ಹೋಯಿತು ಎನ್ನಬೇಡಿ. ಬಲಿಕೊಟ್ಟ ಇಲಿಯಲ್ಲಿ ಸಣ್ಣ ಕರುಳಿನ ಮೇಲರ್ಧವನ್ನು ಉದ್ದಕ್ಕೆ ಸೀಳಿ, ತಣ್ಣನೆಯ ಪಿಬಿಎಸ್‌ನಲ್ಲಿ ಅರ್ಧ ಗಂಟೆ ಇಟ್ಟು ಕುಲುಕಿ ಟ್ರೋಫೋಜೋಯಿಟ್ ಎಣಿಸಿದರೆ ಅದೇ ಕೊನೆಯ ಸಾಕ್ಷಿ.

ಹೆಜ್ಜೆ 10: ಗೆರೆ ಓದುವುದು

ಎಲ್ಲ ಸರಿಯಾದರೆ ಸಿಗುವ ಚಿತ್ರ ಹೀಗೆ: ಸಿಸ್ಟ್‌ಗಳ ಗೆರೆ ಏರಿ ಇಳಿಯುತ್ತದೆ, ಅದು ಇಳಿಯುವ ಹೊತ್ತಿಗೆ ಐಜಿಎ ಗೆರೆ ಏರುತ್ತದೆ. 1986ರಲ್ಲಿ ಕೆನಡಾದ ಸ್ನೈಡರ್ ಮತ್ತು ಅಂಡರ್‌ಡೌನ್ ಮ್ಯೂರಿಸ್ ಸೋಂಕಿನಲ್ಲಿ ಸೀರಮ್ಮನ್ನೂ ಕರುಳ ಸ್ರಾವವನ್ನೂ ಬೇರೆಬೇರೆಯಾಗಿ ಅಳೆದು, ಕರುಳಿನಲ್ಲಿ ಐಜಿಎಯೇ ಪ್ರಧಾನ ಎಂದು ತೋರಿಸಿದ್ದರು. ಎರಡು ಗೆರೆ ಒಂದನ್ನೊಂದು ದಾಟುವುದು ನೋಡಲು ಚೆಂದ. ಆದರೆ ಐಜಿಎ ಏರಿದ್ದರಿಂದಲೇ ಜಿಯಾರ್ಡಿಯಾ ಇಳಿಯಿತು ಎಂದು ಅದರಿಂದ ಹೇಳಲು ಬರುವುದಿಲ್ಲ. ಅದೇ ಹೊತ್ತಿಗೆ ರಕ್ಷಣಾ ವ್ಯವಸ್ಥೆಯ ಟಿ ಕೋಶ, ಮಾಸ್ಟ್ ಕೋಶ, ಕರುಳಿನ ಚಲನೆ ಎಲ್ಲ ಬದಲಾಗಿರುತ್ತವೆ.

ಆ ಪ್ರಶ್ನೆಗೆ ಉತ್ತರ ಬೇಕೆಂದರೆ ಐಜಿಎ ಇಲ್ಲದ ಇಲಿ ಬೇಕು. 2002ರಲ್ಲಿ ಲ್ಯಾಂಗ್‌ಫೋರ್ಡ್ ಮತ್ತು ಸಂಗಡಿಗರು ಐಜಿಎ ಜೀನ್ ತೆಗೆದ ಇಲಿಗಳು ಮ್ಯೂರಿಸ್ ಸೋಂಕನ್ನಾಗಲಿ ಮನುಷ್ಯರ ಜಿಯಾರ್ಡಿಯಾವನ್ನಾಗಲಿ ತೊಡೆದುಹಾಕಲು ಸೋಲುತ್ತವೆ ಎಂದು ತೋರಿಸಿದರು. 2006ರಲ್ಲಿ ಡೇವಿಡ್ಸ್ ಮತ್ತು ಸಂಗಡಿಗರು ಐಜಿಎ ದಾಟಿಸುವ ಪಿಐಜಿಆರ್ ಗ್ರಾಹಿಯನ್ನೇ ತೆಗೆದು ನೋಡಿದಾಗ ಮ್ಯೂರಿಸ್ ಎದುರು ಇಲಿಗಳು ಸೋತವು, ಮನುಷ್ಯರ ಜಿಯಾರ್ಡಿಯಾ ವಿಷಯದಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ಬಿ ಕೋಶಗಳಿಲ್ಲದ ಇಲಿಗಳ ಕಥೆ ಇನ್ನೂ ಗೋಜಲು. ಸ್ವಿಟ್ಜರ್ಲೆಂಡಿನ ಸ್ಟೇಗರ್ ಮತ್ತು ಮ್ಯುಲ್ಲರ್ 1997ರಲ್ಲಿ ಅವು ಸೋಂಕು ಕಳೆದುಕೊಳ್ಳಲಾರವು ಎಂದರು. ಅಮೆರಿಕದ ಸಿಂಗರ್ ಮತ್ತು ನ್ಯಾಶ್ 2000ದಲ್ಲಿ ಮೊದಲ ವಾರಗಳ ಹತೋಟಿಗೆ ಬೇಕಾದ್ದು ಟಿ ಕೋಶ, ಪ್ರತಿಕಾಯ ಇಲ್ಲದಿದ್ದರೂ ನಡೆಯುತ್ತದೆ ಎಂದರು. ನನ್ನ ಓದಿನಲ್ಲಿ ಇಬ್ಬರಲ್ಲಿ ಒಬ್ಬರು ತಪ್ಪು ಎನ್ನುವ ಅಗತ್ಯವಿಲ್ಲ. ಜಿಎಸ್ ತಳಿ ಹೇಗೂ ಬೇಗ ಇಳಿಯುವ ಸೋಂಕು, ಐಜಿಎ ಎದ್ದು ನಿಲ್ಲುವ ಮೊದಲೇ ಟಿ ಕೋಶಗಳು ಬಹಳಷ್ಟು ಕೆಲಸ ಮುಗಿಸಿರುತ್ತವೆ. ಮ್ಯೂರಿಸ್ ನಿಧಾನದ್ದು, ಅಲ್ಲಿ ಐಜಿಎಗೆ ಪಾತ್ರ ವಹಿಸಲು ಸಮಯ ಸಿಗುತ್ತದೆ. ನೀವು ಯಾವ ಜಿಯಾರ್ಡಿಯಾ ಆರಿಸಿದಿರಿ ಎಂಬ ಮೊದಲ ಹೆಜ್ಜೆಯೇ ಕೊನೆಯ ವಾಕ್ಯವನ್ನೂ ನಿರ್ಧರಿಸುತ್ತದೆ.

ಅಂಕಿಅಂಶದ ಕಡೆ ಮೂರೇ ಮಾತು. ಪಟ್ಟುಗಳಲ್ಲಿ ಏರುವ ಸಂಖ್ಯೆಗಳಿವು, ಲಾಗ್ ತೆಗೆದುಕೊಂಡು ಹೋಲಿಸಿ. ಒಂದೇ ಇಲಿಯ ಏಳು ದಿನದ ಮಾದರಿ ಏಳು ಇಲಿಗಳಲ್ಲ. ಒಂದೇ ಪಂಜರದ ಮೂರು ಇಲಿಗಳೂ ಪೂರ್ತಿ ಮೂರಲ್ಲ, ಪಂಜರವನ್ನೂ ಲೆಕ್ಕದೊಳಗೆ ತನ್ನಿ.

ಮರಿಗಳನ್ನು ಬಳಸುವವರಿಗೆ ಒಂದು ಮಾತು ಬಾಕಿ ಇದೆ. ಹಾಲು ಕುಡಿಯುವ ಮರಿಯ ಕರುಳಿನಲ್ಲಿ ಸಿಗುವ ಐಜಿಎ ಅದರದ್ದಲ್ಲ, ತಾಯಿಯದು. ಹಿಂದೆ ಸೋಂಕು ತಗುಲಿ ವಾಸಿಯಾದ ತಾಯಿಯ ಹಾಲು ಮರಿಗಳನ್ನು ಮ್ಯೂರಿಸ್‌ನಿಂದ ಕಾಪಾಡುತ್ತದೆ ಎಂಬುದನ್ನು 1981ರಲ್ಲೇ ಆಂಡ್ರ್ಯೂಸ್ ಮತ್ತು ಹ್ಯೂಲೆಟ್ ತೋರಿಸಿದ್ದಾರೆ. ಹಾಗಾಗಿ ಎಳೆಯ ಮರಿಯ ಮಾದರಿ ಓದುವ ಮುನ್ನ ಅದರ ತಾಯಿಯ ಹಿಕ್ಕೆಯನ್ನೂ ಸೀರಮ್ಮನ್ನೂ ಅದೇ ಪ್ಲೇಟಿನಲ್ಲಿ ಓದಿಸಿ. ತಾಯಿಯ ಕಾರ್ಡಿನಲ್ಲಿ ಎಲ್ಲಿಂದ ಬಂದಳು, ಯಾವ ಕೋಣೆಯಲ್ಲಿದ್ದಳು ಎಂಬುದನ್ನು ಬರೆದಿಡಲು ಪ್ರಾಣಿಗೃಹದವರಿಗೆ ಮೊದಲೇ ಹೇಳಿಡಿ, ಆಮೇಲೆ ಕೇಳಿದರೆ ಕಾರ್ಡು ಸಿಗುವುದಿಲ್ಲ.